ಆರು ವ್ಯಾಟಿನ ರಾಯರು

ಹೊರನಾಡಿನ ಯಾವ ಕನ್ನಡ ಬಳಗಕ್ಕೆ ಹೋದರೂ ಒಬ್ಬ ಜ್ಯೋತಿಷಿ, ಒಬ್ಬ ಹೋಮಿಯೋಪಥಿ ಪಂಡಿತ, ಒಬ್ಬ ಕಂಪ್ಯೂಟರ್ ಸಲಹೆಗಾರ ಇದ್ದೇ ಇರುತ್ತಾರೆ. ವಡೋದರಾದ ಫತೇಗಂಜಿನಲ್ಲಿ ಮೂರನೆಯ ಪೀಠ ನಮ್ಮ ರಾಯರದು. ಧಾರವಾಡದವರು, ಕೋಯಲಿ ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು. ಟಿವಿ ಪಕ್ಕಕ್ಕೊಂದು ಪುಟ್ಟ ಪಿಸಿ, ಸಿನಿಮಾ-ಫೋಟೊ ಕೂಡಿಡಲೊಂದು ನ್ಯಾಸ್ ಪೆಟ್ಟಿಗೆ ಬೇಕೆಂದು ನಿವೃತ್ತಿಯ ಮರುದಿನವೇ ಹುಡುಕಾಟ ಶುರುವಾಯಿತು.

ರಾಯರು ಜಗತ್ತನ್ನು ಅಳೆಯುವುದು ವ್ಯಾಟಿನಲ್ಲಿ. ಅಳಿಯ ಹೇಗಿದ್ದಾನೆಂದು ಕೇಳಿದರೆ, "ಐಡಲ್ ಇದ್ದಾಗ ಭಾಳ ತಂಪ, ಲೋಡ್ ಬಿತ್ತಂದ್ರ ಬಿಸಿ ಆಗ್ತಾನ" ಎನ್ನುತ್ತಾರೆ. ಅಂಗಿಯ ಕಿಸೆಯಲ್ಲಿ ಪೆನ್ನಿನ ಬದಲು ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್. ನಮ್ಮ ಮನೆಗೆ ಬಂದಾಗ ಮುಂದಿಟ್ಟ ಸೇವ್ ಉಸಳ್ ಆರುತ್ತಿದ್ದರೂ ಸೋಫಾದ ಹಿಂದೆ ತೂರಿ, ಸೆಟ್ ಟಾಪ್ ಬಾಕ್ಸಿನ ಪ್ಲಗ್ ಕಿತ್ತು, ನಡುವೆ ಮೀಟರ್ ಸಿಕ್ಕಿಸಿ, ಕನ್ನಡಕ ಮೇಲೇರಿಸಿ ಓದಿದರು. "ಆಫ್ ಮಾಡೀರಿ ಅಂತ ತಿಳದೀರಿ. ಇದು ಇನ್ನೂ ಉಣ್ಣಾಕಹತ್ತದ!"

2024ರಲ್ಲಿ ಸ್ಮಾರ್ಟ್ ಮೀಟರ್ ಬೇಡವೆಂದು ವಡೋದರಾದ ಜನ ಬೀದಿಗಿಳಿದಾಗ, ಅದು ಬೇಕೆಂದು ಹಂಬಲಿಸಿದ ಏಕೈಕ ಗ್ರಾಹಕ ಬಹುಶಃ ರಾಯರೇ.

"ಒಂದು ವ್ಯಾಟ್ ವರ್ಷಪೂರ್ತಿ ಉರಿದ್ರ 8.76 ಯೂನಿಟ್" ಎಂಬುದು ಅವರ ಗಾಯತ್ರಿ. ಹಳೇ ಡೆಸ್ಕ್‌ಟಾಪು ಅರವತ್ತು ವ್ಯಾಟಿನಂತೆ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 525 ಯೂನಿಟ್ ದಾಟುತ್ತದೆ. 2023ರಲ್ಲಿ ಇಂಟೆಲ್‌ನವರ ಎನ್100 ಪ್ರೊಸೆಸರ್ ಬಂತು, ಚಿಪ್ಪಿನ ಬಿಸಿಯ ಲೆಕ್ಕವಾದ ಟಿಡಿಪಿ ಬರೀ ಆರು ವ್ಯಾಟ್. ರಾಯರು ಮನಸೋತರು. ಅಂಗಡಿಯವ "ಲಈ ಲೋ ನೆ, ಸಾಹೇಬ್" ಎಂದು ಡಬ್ಬಿಯನ್ನು ಕೈಗೇ ಕೊಟ್ಟ. "ಟಿಡಿಪಿ ಬ್ಯಾರೆ, ಗ್ವಾಡಿ ಪ್ಲಗ್ಗಿನ್ಯಾಗ ಅಳದದ್ದು ಬ್ಯಾರೆ" ಎಂದು ಇವರು ಮರಳಿಸಿದರು. ಅಷ್ಟರಲ್ಲಿ ಎನ್150 ಬಂತು.

ನ್ಯಾಸ್‌ನದು ಬೇರೆಯೇ ಪುರಾಣ. ಎರಡು ಡಿಸ್ಕು ಹಾಕಿ ರೈಡ್ 1 ಮಾಡಿದರೆ ಒಂದರ ತದ್ರೂಪು ಇನ್ನೊಂದರಲ್ಲಿರುತ್ತದೆ. ಒಂದು ಕೆಟ್ಟರೂ 'ಮಯೂರ', 'ಕಸ್ತೂರಿ ನಿವಾಸ' ಉಳಿಯುತ್ತವೆ. "ಆದ್ರ ತಪ್ಪಿ ಅಳಿಸಿದ್ರ ಎರಡೂ ಕಡೆ ಒಮ್ಮೆಲೇ ಹೋಗ್ತದ. ರೈಡ್ ಅಂದ್ರ ಬ್ಯಾಕಪ್ ಅಲ್ಲ!" ಹಾಗಾಗಿ ಮೂರನೆಯ ಡಿಸ್ಕೊಂದು ಪರವೂರಿನಲ್ಲಿರಬೇಕು. ಧಾರವಾಡದ ತಮ್ಮನ ಮನೆಯ ಕಪಾಟಿನಲ್ಲಿ ಅದಕ್ಕೆ ಜಾಗವೂ ಖಾಲಿಯಾಗಿದೆ. ಡಿಸ್ಕು ಮಾತ್ರ ಒಂದೂ ಬಂದಿಲ್ಲ.

ಪಿಸಿಗೆ ಫ್ಯಾನ್ ಇರಕೂಡದೆಂಬುದು ಇನ್ನೊಂದು ವ್ರತ. ಅಣ್ಣಾವ್ರು ಮಾತಾಡುವಾಗ ನಡುವೆ ಗುಂಯ್ ಎನ್ನಬಾರದಲ್ಲ. ಆದರೆ ಫ್ಯಾನಿಲ್ಲದ ಡಬ್ಬಿ ವಡೋದರಾದ ಮೇ ತಿಂಗಳ ನಲವತ್ತು ದಾಟಿದ ಬಿಸಿಲಲ್ಲಿ ಕುದ್ದುಹೋದರೆ? ಅದಕ್ಕೂ ಪರಿಹಾರವಿತ್ತು: ಆ ಕೋಣೆಗೊಂದು ಏಸಿ.

ಇಷ್ಟು ದಿನ ಸುಮ್ಮನಿದ್ದ ರಾಯರ ಹೆಂಡತಿ ಕಾಕೂ ಆವತ್ತು ಬಾಯಿಬಿಟ್ಟರು. "ಆರು ವ್ಯಾಟಿನ ಡಬ್ಬಿ ತಂಪಿಡಾಕ ಸಾವಿರದೈನೂರು ವ್ಯಾಟಿನ ಏಸಿ ಏನ್ರಿ? ಭಲೇ ಉಳಿತಾಯ!" ಎಂದವರೇ ಹಿಟ್ಟಿನ ಡಬ್ಬಿಗೆ ಮೊಬೈಲು ಒರಗಿಸಿ, ಚಾರ್ಜರ್ ಸಿಕ್ಕಿಸಿ 'ಕಸ್ತೂರಿ ನಿವಾಸ' ಹಚ್ಚಿದರು. ಭಕ್ಕರಿ ಬಡಿಯುತ್ತಲೇ ಅವರು ಅದೆಷ್ಟು ಸಿನಿಮಾ ಮುಗಿಸಿದ್ದರೋ, ರಾಯರಿಗೆ ಗೊತ್ತೇ ಇರಲಿಲ್ಲ.

ರಾಯರು ಚಾರ್ಜರಿಗೂ ಮೀಟರ್ ಹಚ್ಚಿ ನೋಡಿದರು. ಐದು! ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಬಿಡುವ ಆಸಾಮಿಯಲ್ಲ. "ಸಿನಿಮಾ ಮುಗದ ಮ್ಯಾಲೆ ಚಾರ್ಜರ್ ಕಿತ್ತಿಡು. ಸುಮ್ಮನ ಕೂತ್ರೂ ಅದು ತಿಂತಿರ್ತದ."

ಕಾಕೂ ಭಕ್ಕರಿ ಮಗುಚಿದರು. "ಸುಮ್ಮನ ಕೂತು ತಿನ್ನೋದು ಈ ಮನಿಯಾಗ ಅದೊಂದೇ ಏನಲ್ರಿ."