ಎರಡೆಕರೆ ಹತ್ತು ಗುಂಟೆ: ಕಪಿಲಾ ದಡದ ವಕೀಲಿ ಅರ್ಥಶಾಸ್ತ್ರ

ಸರ್ಕಾರ ಬದಲಾದಾಗ, ಮಾರುಕಟ್ಟೆ ಕುಸಿದಾಗ ಹೊಸ ಕಕ್ಷಿದಾರರನ್ನು ಹುಡುಕುವುದು ಹೇಗೆಂದು ಮಹಾನಗರದ ಕಾನೂನು ಸಂಸ್ಥೆಗಳು ದೊಡ್ಡ ಹೋಟೆಲಿನಲ್ಲಿ ಕೂತು ಚಿಂತಿಸುತ್ತವೆ. ನಂಜನಗೂಡು, ತಿ. ನರಸೀಪುರದ ವಕೀಲರಿಗೆ ಆ ಖರ್ಚಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ಜಾಹೀರಾತು ನಿಷಿದ್ಧ, ಬಾಗಿಲ ಬೋರ್ಡೂ ಹಿತಮಿತವಾಗಿರಬೇಕು. ಆದರೂ ಪಾರ್ಟಿಗಳು ಬರುತ್ತಲೇ ಇರುತ್ತಾರೆ. ಕಳಿಸಿಕೊಡುವವರು ಯಾರು? ಪ್ರಸ್ತುತ ಸಂಶೋಧನೆಯ ಪ್ರಮೇಯ: ವಿಧಾನಸೌಧ.

ಅಧ್ಯಯನಕ್ಕೆ ಆಯ್ದ ಮಾದರಿ ಒಂದೇ. ಕಬಿನಿ ನಾಲೆಯ ಮಗ್ಗುಲಲ್ಲಿರುವ, ಕಲ್ಪಿತವಾದ, ಎರಡೆಕರೆ ಹತ್ತು ಗುಂಟೆ ಗದ್ದೆ. ಮಾದರಿ ತೀರಾ ಚಿಕ್ಕದೆನ್ನುವವರು ಅಣ್ಣತಮ್ಮಂದಿರ ಜತೆ ಪಾಲು ಹಂಚಿಕೊಂಡವರಲ್ಲ.

1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಯಾಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿದ. ಅರ್ಜಿ ಇತ್ಯರ್ಥ ಮಾಡಲು ಭೂ ನ್ಯಾಯಮಂಡಳಿ ಕೂತಿತು. ಕಾಯ್ದೆಯ 48(8)ನೇ ಕಲಮು ಮಾತ್ರ ವಕೀಲರು ಒಳಗೆ ಕಾಲಿಡಕೂಡದೆಂದು ವಿಧಿಸಿತ್ತು. ಪಠ್ಯಪುಸ್ತಕದ ಪ್ರಕಾರ ಕಸುಬು ಅಲ್ಲಿಗೆ ಮುಗಿಯಬೇಕಿತ್ತು. ಆದದ್ದೇ ಬೇರೆ. ಮಂಡಳಿಯ ಆದೇಶಕ್ಕೆ ಮೇಲ್ಮನವಿ ಇರಲಿಲ್ಲವಾದ್ದರಿಂದ ಸೋತವರು ನೇರ ಹೈಕೋರ್ಟಿಗೆ ರಿಟ್ ಹಾಕಿದರು. ವಕೀಲರನ್ನು ಹೊರಗಿಟ್ಟದ್ದು ಸರಿಯೇ ಎಂಬುದೇ ಇನ್ನೊಂದು ಕೇಸಾಯಿತು. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧವನ್ನು ತೆಗೆದುಹಾಕಿತು. ತನ್ನನ್ನು ಹೊರಹಾಕಿದ ಕಲಮಿನಿಂದಲೇ ಫೀಸು ಪಡೆಯುವ ಕಸುಬು ಭೂಮಂಡಲದಲ್ಲಿ ಬೇರೆ ಯಾವುದಿದೆ ಎಂಬುದು ಪ್ರತ್ಯೇಕ ಪಿಎಚ್.ಡಿ.ಯ ವಿಷಯ.

ಪಕ್ಕದ ದರಖಾಸ್ತು ಜಮೀನನ್ನು, ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎಸಿ ಕೋರ್ಟಿಗೆ ಎಳೆಯಿತು. ಬಗರ್‌ಹುಕುಂನವರಿಗೆ ನಮೂನೆ 50 ಬಂತು, 53 ಬಂತು, ಆಮೇಲೆ 57.

ನಂತರ ಕಂಪ್ಯೂಟರ್. ಪಹಣಿಗಳೆಲ್ಲ 'ಭೂಮಿ' ತಂತ್ರಾಂಶ ಸೇರಿದವು, ವ್ಯಾಜ್ಯ ಕಡಿಮೆಯಾಗುವುದೆಂದು ಎಲ್ಲರೂ ನಂಬಿದರು. ಆದರೆ ಶ್ರೀಕಂಠೇಶ್ವರನ ಸೀಮೆಯಲ್ಲಿ ಮನೆಗೊಬ್ಬ ನಂಜುಂಡ. 9ನೇ ಕಾಲಂನಲ್ಲಿ 'ನಂಜಯ್ಯ ಬಿನ್ ನಂಜುಂಡಯ್ಯ' ಇರಬೇಕಾದ ಕಡೆ 'ನಂಜುಂಡಯ್ಯ ಬಿನ್ ನಂಜಯ್ಯ' ಎಂದು ಅಚ್ಚಾದರೆ ಅಪ್ಪ ಮಗನಾಗುತ್ತಾನೆ, ಮಗ ಅಪ್ಪನಾಗುತ್ತಾನೆ. ಇವರನ್ನು ಮತ್ತೆ ಸ್ವಸ್ಥಾನಕ್ಕೆ ತರಲು ಅರ್ಜಿ, ಅಫಿಡವಿಟ್, ನೋಟರಿ, ವಾಯ್ದೆ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಸ್ಫಟಿಕ ಸರೋವರ ಗುಪ್ತಗಾಮಿನಿ. ದಾವೆಯಲ್ಲೂ ವಾದಿ, ಪ್ರತಿವಾದಿ ಕಾಣುತ್ತಾರೆ, ಖರ್ಚು ಗುಪ್ತಗಾಮಿನಿ.

ಪ್ರಮೇಯಕ್ಕೆ ಪೆಟ್ಟು ಬೀಳುವಂತೆ ತೋರಿದ್ದು 2020ರ ಜುಲೈನಲ್ಲಿ. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು ಸುಗ್ರೀವಾಜ್ಞೆ ಕೈಬಿಟ್ಟಿತು. ಆ ಕಲಮುಗಳಡಿ ನಡೆಯುತ್ತಿದ್ದ ಕೇಸುಗಳಿಗೆ ಬುಡವೇ ಇಲ್ಲವಾಯಿತು. ಕಚೇರಿಗಳಲ್ಲಿ ಕ್ಷಣಕಾಲ ಕಳವಳ. ಆದರೆ ಪರಮಾತ್ಮ ದೊಡ್ಡವನು: ಆಗಸ್ಟ್ 11ರಂದೇ ಸುಪ್ರೀಂ ಕೋರ್ಟ್, ವಿನೀತಾ ಶರ್ಮಾ ಪ್ರಕರಣದಲ್ಲಿ, ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರ ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಎಂದಿತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿತ್ತು. ಈಗ ಅವರೂ ಒಳಗೆ.

ಒಂದು ತಿಂಗಳೊಳಗೆ ಕೊಳ್ಳುವವರೂ ಹೆಚ್ಚಿದರು, ಸಹಿ ಹಾಕಬೇಕಾದವರೂ ಹೆಚ್ಚಿದರು. ನಮ್ಮ ಕಲ್ಪಿತ ಗದ್ದೆಗೂ ಮೈಸೂರಿನಿಂದ ಒಬ್ಬ ಗಿರಾಕಿ ಕಾರಿನಲ್ಲಿ ಬಂದಿಳಿದು, ಲೀಗಲ್ ಒಪೀನಿಯನ್ ಕೇಳಿದ. ವಕೀಲರು ಇ.ಸಿ. ನೋಡಿದರು, ಪಾಲುಪಟ್ಟಿ ನೋಡಿದರು, ಕನ್ನಡಕ ಒರೆಸಿಕೊಂಡು ವಂಶವೃಕ್ಷ ಬಿಡಿಸಿದರು.

"ತಲಕಾಡಿಗೆ ಕೊಟ್ಟಿರೋ ನಿಮ್ಮಕ್ಕನ ಹೆಸರೇ ಇಲ್ವಲ್ಲ ಇದ್ರಲ್ಲಿ?"

"ಅವ್ರು ಕೇಳಾಕಿಲ್ಲ ಬುಡಿ ಸ್ವಾಮಿ," ಎಂದ ಗದ್ದೆಯೊಡೆಯ ನಂಜಯ್ಯ.

ಅಕ್ಕನ ವಕಾಲತ್ತು ಅದಾಗಲೇ ಪಕ್ಕದ ಕೋಣೆಯ ಜೂನಿಯರ್ ಮೇಜಿನ ಮೇಲಿತ್ತು.