ಮುಂದಿನ ಸಾಲಿನ ರಾಯರು

ರಾಮನವಮಿ ಕಛೇರಿಗೆ ಪಾನಕ ಹಂಚುವ ಮೊದಲೇ ಬಂದು ಮುಂದಿನ ಸಾಲು ಹಿಡಿಯುವ ರಾಯರು ಬೆಂಗಳೂರು, ಮೈಸೂರಿನ ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇರುತ್ತಾರೆ. ರಾಗ ಗುರುತಿಸುವುದರಲ್ಲಿ ನಿಸ್ಸೀಮರು. ಅದನ್ನು ಪಕ್ಕದವರ ಕಿವಿಗೆ ಹಾಕುವುದರಲ್ಲಿ ಇನ್ನೂ ನಿಸ್ಸೀಮರು. ಹೆಣ್ಣುಮಗಳೊಬ್ಬಳು ಮೃದಂಗ ಹಿಡಿದು ಕೂತರಂತೂ ಅವರ ಕೈ ತಾಳ ಬಿಟ್ಟು ನಮ್ಮ ತೋಳು ತಿವಿಯುತ್ತದೆ: ‘ವೀಣೆಯಾದ್ರೆ ಹೆಂಗಸರಿಗೆ ಒಪ್ಪುತ್ತೆ ರೀ. ಇದು ಗಂಡಸರ ವಾದ್ಯ. ಪ್ರಕೃತಿನೇ ಹಾಗೆ.’

ಈ ಪ್ರಕೃತಿ ಮೈಸೂರಿಗೆ ತಡವಾಗಿ ಬಂದಿರಬೇಕು. ಅಲ್ಲಿನ ವೀಣೆಗೆ ಹೆಸರು ತಂದ ಶೇಷಣ್ಣ, ಸುಬ್ಬಣ್ಣ, ವೆಂಕಟಗಿರಿಯಪ್ಪ ಎಲ್ಲರೂ ಗಂಡಸರೇ. ಮದ್ರಾಸಿನ ವೀಣೆ ಧನಮ್ಮಾಳ್ ಇದ್ದರಲ್ಲ ಎಂದರೆ, ಅವರು ದೇವದಾಸಿ ಮನೆತನದವರೆಂಬುದು ನೆನಪಾಗಿ ರಾಯರು ವಿಷಯ ಬದಲಿಸುತ್ತಾರೆ. ಆಸ್ಥಾನದ ಸಂಬಳವಿದ್ದಾಗ ಗಂಡಸಿನದಾಗಿದ್ದ ವೀಣೆ, ಹೆಣ್ಣು ನೋಡುವ ಶಾಸ್ತ್ರದ ಜಮಖಾನೆಗೆ ಬಂದ ಮೇಲೆ ಹೆಣ್ಣಿನದಾಯಿತು. ಹಾಡಿನ ಪಾಡೂ ಅಷ್ಟೇ. ‘ಹುಡುಗಿಗೆ ಹಾಡು ಬರುತ್ತಾ?’ ಎಂದು ವಿಚಾರಿಸಿದ ಬೀಗರೇ ಮದುವೆಯ ನಂತರ ಅದನ್ನು ಆರತಿಗೆ ಮೀಸಲಿಟ್ಟರು. ಸಂಪಾದನೆಗೆ ಒದಗುವ ಸಂಗೀತ ಅವನಿಗೆ, ಸಂಬಂಧ ಕುದುರಿಸುವ ಸಂಗೀತ ಅವಳಿಗೆ. ಪ್ರಕೃತಿಯ ಪಾತ್ರ ಇಷ್ಟೇ. ಸೀರೆಯುಟ್ಟು ಹೆಣ್ಣಾಗಿ ಹಾಡಿದ ಬಾಲಗಂಧರ್ವರಿಗೆ ರಾಯರು ಕಣ್ಣು ಮುಚ್ಚಿ ತಲೆದೂಗುತ್ತಾರೆ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ದನಿ ಗಡುಸಾದ ಗಂಗೂಬಾಯಿ ಹಾನಗಲ್ಲರ ಮಾತು ಬಂದರೆ ಮಾತ್ರ ‘ಆದರೂ...’ ಎಂದು ರಾಗ ಎಳೆಯುತ್ತಾರೆ.

ಅವರ ಆಕ್ಷೇಪವೆಲ್ಲ ಪೊಳ್ಳಲ್ಲ. ಗಾಯಕಿಯರ ಶ್ರುತಿ ಹೆಚ್ಚು, ಅದಕ್ಕೆ ಹೊಂದುವ ಮೃದಂಗವೇ ಬೇರೆ, ಬಿಗಿ ಮುಚ್ಚಿಗೆಯಲ್ಲಿ ನಾದ ಹೊರಡಿಸುವುದು ಕಷ್ಟ, ನಿಜ. ಆದರೆ ಅದು ಇನ್ನೊಂದು ಮೃದಂಗ ಹೊತ್ತು ತರಲು ಕಾರಣವಾದೀತೇ ಹೊರತು, ಹೆಂಗಸರ ಕಛೇರಿಗೆ ಪಕ್ಕವಾದ್ಯ ನುಡಿಸೆನೆಂದು ಹಿಂದಿನ ಕೆಲವು ವಿದ್ವಾಂಸರು ಹಿಡಿದ ಹಟಕ್ಕಲ್ಲ. ಇನ್ನು ಬೆರಳಿನ ಬಲದ ಮಾತು. ಘಟ ಹುಡುಗಿಯ ಬೆರಳಿಗೆ ಕಷ್ಟವೆಂದು ವಿಕ್ಕು ವಿನಾಯಕರಾಂ ಅವರಂಥವರೇ ಮೊದಲು ಹಿಂಜರಿದಿದ್ದರು. ಅವರ ತಂದೆ ಹರಿಹರ ಶರ್ಮರು ಸವಾಲೆಂದೇ ಕಲಿಸಿದರು. ಆ ಹುಡುಗಿ ಸುಕನ್ಯಾ ರಾಮಗೋಪಾಲ್, ನಮ್ಮ ಬೆಂಗಳೂರಿನವರೇ ಆಗಿ, ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಜೋಡಿಸಿಕೊಂಡು ಘಟತರಂಗ ನುಡಿಸಿದರು.

ಇಷ್ಟಾಗಿಯೂ ರಾಯರ ಮೇಲೆ ಪೂರ್ತಿ ಮುನಿಯಲಾಗದು. ಅವರ ಮನೆಯ ಅಟ್ಟದಲ್ಲೂ ಗವಸು ಹಾಕಿದ ಒಂದು ವೀಣೆ ಇರುತ್ತದೆ. ಮದುವೆಯಾದ ವರ್ಷ ಮೇಲೇರಿದ್ದು. ಅದನ್ನು ಯಾಕೆ ಇಳಿಸಲಿಲ್ಲವೆಂದು ಕೇಳಿದರೆ ‘ಅವಳಿಗೇ ಪುರಸೊತ್ತಾಗಲಿಲ್ಲ’ ಎನ್ನುತ್ತಾರೆ, ಸ್ವಲ್ಪ ಸಣ್ಣ ದನಿಯಲ್ಲಿ. ಕಛೇರಿಯಲ್ಲಿ ತನಿಯಾವರ್ತನ ಶುರುವಾಗುತ್ತಲೇ ನಮ್ಮಂಥ ಪ್ರಗತಿಪರರೆಲ್ಲ ಕಾಫಿಗೆ ಏಳುತ್ತೇವೆ. ಮೃದಂಗದ ಹುಡುಗಿಯ ಮೋರಾ, ಕೊರಪ್ಪು ಬಿಡದೆ ಕೇಳಿ, ತಪ್ಪದೆ ತಾಳ ಹಾಕಿ, ಮುಕ್ತಾಯಕ್ಕೆ ‘ಭೇಷ್’ ಎನ್ನುವವರು ರಾಯರೊಬ್ಬರೇ. ನಾವು ಕಾಫಿ ಮುಗಿಸಿ ಬರುವಷ್ಟರಲ್ಲಿ ಅವರ ತೀರ್ಪೂ ಸಿದ್ಧ: ‘ಥೇಟ್ ಗಂಡಸರ ಹಾಗೇ ನುಡಿಸಿದಳು ಕಣ್ರೀ!’