ಇಸ್ತ್ರಿ ಪೆಟ್ಟಿಗೆಗೆ ಹಿಡಿದ ಸುಣ್ಣ

ನಿಮ್ಮನೆ ಸ್ಟೀಮ್ ಐರನ್ನೂ ಬಿಳಿ ಪುಡಿ ಉಗುಳ್ತಾ? ಅದೂ ಹುಡುಕಿಕೊಂಡು ಹೋಗಿ ಕಪ್ಪು ಪ್ಯಾಂಟಿನ ಮೇಲೇ? ಪೆಟ್ಟಿಗೆಯನ್ನ ಬೈಬೇಡಿ ಅಕ್ಕಾ. ಬೆಂಗಳೂರಿನ ನಮ್ಮ ಕೆ.ಆರ್. ಪುರದ ಬೋರ್‌ವೆಲ್ ನೀರು ಅಂದ್ರೆ ಸಾಮಾನ್ಯವೇ! ನೀರು ಕಾಯಿಸೋ ಪಾತ್ರೆಯ ತಳ ನೋಡಿ, ನಲ್ಲಿಯ ಮೂತಿ ನೋಡಿ, ಎಲ್ಲಾ ಕಡೆ ಅದೇ ಬಿಳಿ ಪೊರೆ. ನೀರಲ್ಲಿ ಕರಗಿದ್ದ ಸುಣ್ಣದ ಅಂಶ ಬಿಸಿ ತಾಗಿದರೆ ಗಟ್ಟಿಯಾಗಿ ಕೂತುಬಿಡುತ್ತೆ. ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು, ಐರನ್ನಿನ ಹೊಟ್ಟೆಯೊಳಗೆ ಕೈ ಹಾಕೋದು ಹೇಗೆ, ಅಲ್ವಾ?

ಹಲಸೂರಿನ ತಂಗಿ ಮನೆಯಲ್ಲಿ ಇಷ್ಟು ಕಾಟವಿಲ್ಲ. ಅಲ್ಲಿ ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹತ್ತಿಕೊಂಡು ಬರುತ್ತೆ ಪಾಪ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯ್ತಲ್ಲ, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಅಂತ? ಆವತ್ತು ನನಗೆ ಮೊದಲು ನೆನಪಾಗಿದ್ದು ಈ ಪೆಟ್ಟಿಗೆಯೇ.

ನಮ್ಮಜ್ಜಿಗೆ ಈ ತಾಪತ್ರಯವೇ ಇರಲಿಲ್ಲ ನೋಡಿ. ಹಿತ್ತಾಳೆ ಪೆಟ್ಟಿಗೆ, ಒಳಗೆ ಕೆಂಡ, ಪಕ್ಕದಲ್ಲಿ ಚೊಂಬು ನೀರು. ಬೆರಳು ಅದ್ದಿ ಸೀರೆ ಮೇಲೆ ಚಿಮುಕಿಸಿದರೆ ಅದೇ ಆವಿ. ಚುಂಯ್ ಅಂತ ಸದ್ದು, ಜೊತೆಗೆ ಕಾದ ಗಂಜಿಯ ವಾಸನೆ... ಶಿವಾಜಿನಗರದ ಗಲ್ಲಿಯಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡೋರು ಪೆಟ್ಟಿಗೆಯನ್ನ ಎತ್ತಿ ಬೀಸಿ ಬೂದಿ ಹಾರಿಸ್ತಿದ್ದದ್ದನ್ನ ನಾನು ನಿಂತು ನೋಡ್ತಿದ್ದೆ. ಅಷ್ಟು ಭಾರದ ಪೆಟ್ಟಿಗೆ, ಒಂದು ಕಿಡಿಯೂ ಬಟ್ಟೆ ಮೇಲೆ ಬೀಳ್ತಿರಲಿಲ್ಲ. ಎಂಥಾ ಕೈ!

ಎಲ್ಲಿದ್ದೆ? ಹಾಂ, ಸುಣ್ಣ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಸಿಗುತ್ತಲ್ಲ, ಅದನ್ನ ಒಂದು ಚಿಟಿಕೆ ನೀರಿಗೆ ಹಾಕಿ ಕದಡಿ ಪೆಟ್ಟಿಗೆಗೆ ತುಂಬಿದರೆ ಸುಣ್ಣ ಬಿಡುತ್ತೆ. ಆದರೆ ಮೊದಲು ಪೆಟ್ಟಿಗೆ ಜೊತೆ ಬಂದ ಪುಸ್ತಕ ನೋಡಿ, ಕೆಲವು ಕಂಪನಿಯವರು ಹುಳಿ ಸೋಕಿಸಲೇಬೇಡಿ ಅಂತಾರೆ. ಹಾಗಿದ್ದರೆ ಬರೀ ನೀರು ತುಂಬಿ ಚೆನ್ನಾಗಿ ಕಾಯಿಸಿ, ಪ್ಲಗ್ ಕಿತ್ತು, ಸಿಂಕ್ ಮೇಲೆ ಮಟ್ಟವಾಗಿ ಹಿಡಿದು ಕ್ಲೀನ್ ಗುಂಡಿ ಒತ್ತಿ, ನಿಧಾನವಾಗಿ ಹಿಂದೆ ಮುಂದೆ ಅಲ್ಲಾಡಿಸಿ. ಕೈ ಜೋಪಾನ, ಕುದಿಯೋ ನೀರು ಬರುತ್ತೆ. ಜೊತೆಗೆ ಬಿಳಿ ಚಕ್ಕೆಗಳು ಉದುರೋದನ್ನ ನೋಡ್ತಾ ಇದ್ರೆ ಏನೋ ಸಮಾಧಾನ ರೀ! ತೂತಿಗೆ ಮಾತ್ರ ಪಿನ್ನು ಚುಚ್ಚಬೇಡಿ.

ಏನು, ಪೆಟ್ಟಿಗೆಯಿಂದ ನೀರೂ ಸೋರುತ್ತಾ? ಅದಕ್ಕೆ ಸುಣ್ಣವೇ ಕಾರಣ ಇರಬೇಕು ಅಂತೇನಿಲ್ಲ. ತಿರುಗುಗುಂಡಿಯಲ್ಲಿ ಒಂದು ಚುಕ್ಕೆ ಇದೆಯಲ್ಲ, ಅದು ಸುಮಾರು 110 ಡಿಗ್ರಿ. ಅಷ್ಟು ಶಾಖಕ್ಕೆ ನೀರೆಲ್ಲ ಆವಿಯಾಗೋದಿಲ್ಲ, ತೊಟ್ಟಿಕ್ಕುತ್ತೆ. ಎರಡು ಚುಕ್ಕೆ ದಾಟಿಸಿ, ಲೈಟ್ ಆರೋವರೆಗೂ ಕಾದು, ಆಮೇಲೆ ಆವಿ ಬಿಡಿ.

ಈಗ್ಲೇ ತರ್ತೀರಾ? ತನ್ನಿ ಹಾಗಾದ್ರೆ. ಬರೋವಾಗ ಒಂದು ಹಳೇ ಬನಿಯನ್ ಹಿಡ್ಕೊಂಡು ಬನ್ನಿ, ತೊಳೆದ ಮೇಲಿನ ಮೊದಲ ಆವಿ ಅದರ ಮೇಲೇ ಬಿಡೋಣ.